ರತ್ನಕ್ಕ ಕಂಡ ನಾಲ್ಕನೆಯ ಮರಿ

ಬಾಗಲಗುಂಟೆಯ ಆ ಬೀದಿಯಲ್ಲಿ ರತ್ನಕ್ಕನಿಗೆ ಹೊಸ ಸೀರೆ ತೋರಿಸಲು ಎಲ್ಲರಿಗೂ ಅಳುಕು. ಆಸೆಯಿಂದ ಮಡಿಕೆ ಬಿಚ್ಚಿ ತೋರಿಸಿದರೆ ಸಾಕು, ಸೆರಗಿನಿಂದ ಒಂದು ಗೇಣು ಒಳಗೆ ಎಲ್ಲೋ ಒಂದು ಎಳೆ ತಪ್ಪಿರುವುದು ಆಕೆಯ ಕಣ್ಣಿಗೆ ಬೀಳುತ್ತಿತ್ತು. ಬಿದ್ದ ಮೇಲೆ ಸುಮ್ಮನಿರುವ ಜಾಯಮಾನ ಆಕೆಯದಲ್ಲ. "ಭಾಳ ಛಲೋ ಐತ್ರಿ. ಆದ್ರ ಇಲ್ಲೊಂದು ಎಳಿ ಹೋಗೇತಿ ನೋಡ್ರಿ" ಎಂದುಬಿಡುತ್ತಿದ್ದಳು. ಸೀರೆ ಉಟ್ಟವರು ಅದನ್ನು ಮತ್ತೆಂದೂ ಮೊದಲಿನ ಖುಷಿಯಲ್ಲಿ ಉಡುತ್ತಿರಲಿಲ್ಲ.

ಮನೆಯಲ್ಲೂ ಅದೇ ಕಥೆ. ಅಡುಗೆಮನೆಯ ಮೂಲೆಯ ಟೈಲೊಂದು ಕೂದಲೆಳೆಯಷ್ಟು ಓರೆಯಾಗಿ ಕೂತಿದೆ ಎಂದು ಹದಿನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದಳು. ಗಂಡ ನಾಗಲಿಂಗಪ್ಪ ಹದಿನಾಲ್ಕು ವರ್ಷದಿಂದ ಹುಡುಕುತ್ತಿದ್ದರೂ ಆ ಓರೆ ಅವನಿಗೆ ಕಂಡಿರಲಿಲ್ಲ.

ಜನ ಇದನ್ನು ಹುಳುಕು ಹುಡುಕುವ ಚಟ ಅಂದುಕೊಂಡಿದ್ದರು. ನಿಜಕ್ಕೂ ಅದು ಆಕೆಯ ಕಸುಬು. ಮದುವೆಯಾಗಿ ಗದಗದ ಕಡೆಯಿಂದ ಬೆಂಗಳೂರಿಗೆ ಬಂದ ಎರಡನೇ ವರ್ಷಕ್ಕೇ ಪೀಣ್ಯದ ಬೇರಿಂಗ್ ಕಾರ್ಖಾನೆಯೊಂದಕ್ಕೆ ಸೇರಿದವಳು ಮೂವತ್ತೊಂದು ವರ್ಷ ಒಂದೇ ಮೇಜಿನ ಮುಂದೆ ಕೂತಳು. ಮುಂದೆ ಟ್ರೇ ತುಂಬ ಉಕ್ಕಿನ ರಿಂಗುಗಳು, ತಲೆಯ ಮೇಲೆ ಟ್ಯೂಬ್‌ಲೈಟು. ಒಂದೊಂದೇ ರಿಂಗನ್ನು ಎತ್ತಿ, ಬೆರಳಲ್ಲಿ ಒಂದು ಸುತ್ತು ತಿರುಗಿಸಿ, ಬಿರುಕು, ತುಕ್ಕು, ಗೀರು ಇದ್ದರೆ ಎಡಗಡೆಯ ಕೆಂಪು ಡಬ್ಬಿಗೆ ಹಾಕಬೇಕು. ಬಿರುಕೆಂದರೆ ಕಣ್ಣಿಗೆ ಹೊಡೆಯುವಂಥ ಬಿರುಕಲ್ಲ, ಇದೆಯೋ ಇಲ್ಲವೋ ಎಂದು ಎಳೆ ಪ್ರಾಯದ ಹುಡುಗಿಯರೇ ಭೂತಗಾಜು ಹಿಡಿದು ಜಗಳವಾಡುವಂಥದ್ದು. ಕೊನೆಗೆ ಅವರು "ರತ್ನಕ್ಕನ್ನ ಕೇಳ್ರೇ" ಎನ್ನುತ್ತಿದ್ದರು. ಆಕೆ ಹೇಳಿದ್ದೇ ತೀರ್ಮಾನ. ಅಷ್ಟು ವರ್ಷಗಳಲ್ಲಿ ರತ್ನಕ್ಕ ಪಾಸು ಮಾಡಿದ ಮಾಲು ಒಂದು ಸಲವೂ ವಾಪಸ್ ಬಂದಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಆಕೆ ನಿವೃತ್ತಳಾದಾಗ ಕಾರ್ಖಾನೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ ಕೊಟ್ಟರು. ಗಡಿಯಾರದಲ್ಲಿ ಏಳರ ಅಂಕಿ ಸ್ವಲ್ಪ ವಾಲಿತ್ತು. ಅದೊಂದನ್ನು ಮಾತ್ರ ಆಕೆ ಯಾರಿಗೂ ಹೇಳಲಿಲ್ಲ.

ಮಗಳು ಸ್ಮಿತಾ ಹೆಬ್ಬಾಳದ ಹತ್ತಿರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದಳು. ಅವಳೂ ಅವಳ ಜೊತೆಯ ಮೇಷ್ಟ್ರುಗಳೂ ವರ್ಷಕ್ಕೊಂದು ಕಾಡು ನೋಡಿ ಬರುತ್ತಿದ್ದರು. ಈ ಸಲ ಮಧ್ಯಪ್ರದೇಶದ ಸಾತ್ಪುರ ರಾಷ್ಟ್ರೀಯ ಉದ್ಯಾನ. ಅಲ್ಲಿ ಬಂಡೆಗಳ ಮೇಲೆ ಸಾವಿರಾರು ವರ್ಷ ಹಿಂದಿನ ಮನುಷ್ಯರು ಬರೆದ ಚಿತ್ರಗಳಿವೆ, ಕಾಡಂಚಿನಲ್ಲಿ ಟೆಂಟು ಹಾಕಿಕೊಂಡು ಮೂರು ದಿನ ಇರುವುದು ಎಂದು ಗೊತ್ತಾಗಿತ್ತು. ಹೊರಡುವುದಕ್ಕೆ ಐದು ದಿನ ಇರುವಾಗ ಸ್ಮಿತಾಳ ಗೆಳತಿ ಸ್ನೇಹಾ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡಳು.

"ಅವ್ವಾ, ಸ್ನೇಹಾಂದು ಒಂದು ಜಾಗ ಖಾಲಿ ಐತಿ. ನೀ ಬಾ" ಎಂದಳು ಸ್ಮಿತಾ.

"ನಾನಾ? ಗುಡಾರದಾಗ ಮಲಗಾಕ ನಾ ಏನ್ ಸರ್ಕಸ್ಸಿನ್ಯಾಕಿ ಏನ?"

ನಾಗಲಿಂಗಪ್ಪ ಪೇಪರಿನ ಹಿಂದಿನಿಂದಲೇ ಹೇಳಿದ, "ಹೋಗಿ ಬಾ ರತ್ನಾ. ನನ್ನ ಮೊಣಕಾಲು ಕೇಳೂದಿಲ್ಲ, ಇಲ್ಲಾಂದ್ರ ನಾನೂ ಬರ್ತಿದ್ದೆ. ನಾಕು ದಿನ ಆ ಟೈಲಿಗೂ ಒಂದೀಟು ಆರಾಮ ಸಿಗ್ಲಿ."

ಆ ಮಾತಿಗೆ ಸಿಟ್ಟು ಬಂದೇ ಆಕೆ ಹೊರಟಳು ಎಂದರೂ ತಪ್ಪಲ್ಲ. ಎರಡು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡು, ಮಗಳ ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡು ಯಶವಂತಪುರದಲ್ಲಿ ರೈಲು ಹತ್ತಿದಳು.

ಒಟ್ಟು ಎಂಟು ಜನ. ಪ್ರವಾಸದ ಉಸ್ತುವಾರಿ ಇತಿಹಾಸದ ಮೇಷ್ಟ್ರು ವೇಣುಗೋಪಾಲ್ ಅವರದು. ಐವತ್ತರ ಹತ್ತಿರದ ಮನುಷ್ಯ, ಕೊರಳಲ್ಲಿ ಕ್ಯಾಮೆರಾ, ಕೈಯಲ್ಲಿ ತಾವೇ ಬರೆದುಕೊಂಡ ನೋಟ್‌ಬುಕ್ಕು. ಸ್ಮಿತಾ ಪರಿಚಯ ಮಾಡಿಸಿದಳು, "ಸರ್, ನಮ್ಮಮ್ಮ. ಫ್ಯಾಕ್ಟ್ರೀಲಿದ್ರು, ಈಗ ರಿಟೈರ್ಡು."

"ಒಳ್ಳೇದಾಯ್ತು ಬಿಡಿ ಅಮ್ಮ. ಇನ್ನಾದ್ರೂ ರೆಸ್ಟ್ ತಗೊಳ್ಳಿ" ಎಂದರು ವೇಣುಗೋಪಾಲ್. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಕಾರ್ಖಾನೆಯಲ್ಲಿ ಏನು ಕೆಲಸ ಎಂದು ಅವರೂ ಕೇಳಲಿಲ್ಲ, ಉಳಿದವರೂ ಕೇಳಲಿಲ್ಲ. ಆಕೆಯೂ ಹೇಳಲಿಲ್ಲ. ಕಿಟಕಿಯಾಚೆ ಯಲಹಂಕ ದಾಟುವುದನ್ನು ನೋಡುತ್ತ ಕೂತಳು.

ಮರುದಿನ ಇಟಾರ್ಸಿಯಲ್ಲಿ ಇಳಿದು, ಜೀಪಿನಲ್ಲಿ ಮೂರು ತಾಸು ಹೋದ ಮೇಲೆ ಕಾಡು ಶುರುವಾಯಿತು. ನೆಟ್ಟಗೆ ನಿಂತ ಸಾಲ್ ಮರಗಳು, ಅವುಗಳ ನಡುವೆ ಕೆಂಪು ಮರಳುಗಲ್ಲಿನ ಗುಡ್ಡಗಳು. ಕಾಡಂಚಿನ ಬಯಲಲ್ಲಿ ಟೆಂಟುಗಳು ಸಿದ್ಧವಾಗಿದ್ದವು. ಇವರಿಗೆ ದಾರಿ ತೋರಿಸಲು ಬಂದವಳು ಫೂಲವತಿ ಎಂಬ ಗೊಂಡ ಬುಡಕಟ್ಟಿನ ಹೆಂಗಸು. ನಲವತ್ತರ ಪ್ರಾಯ, ಸೀರೆಯ ಮೇಲೆ ಖಾಕಿ ಅಂಗಿ. ಬಂದವಳೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಿಂದಿಯಲ್ಲಿ ಮೂರು ಮಾತು ಹೇಳಿದಳು. ಚಿತ್ರಗಳನ್ನು ಮುಟ್ಟುವ ಹಾಗಿಲ್ಲ. ನೀರು ಎರಚುವ ಹಾಗಿಲ್ಲ. ನನ್ನನ್ನು ಬಿಟ್ಟು ಒಂದು ಹೆಜ್ಜೆ ಆಚೆ ಈಚೆ ಹೋಗುವ ಹಾಗಿಲ್ಲ.

ಆ ಹೆಂಗಸಿನ ದನಿ ರತ್ನಕ್ಕನಿಗೆ ಹಿಡಿಸಿತು. ಸಂಜೆ ಒಲೆ ಹೊತ್ತಿಸಿದಾಗ ಆಕೆ ತನ್ನ ಜೋಳದ ಹಿಟ್ಟು ತಂದು ಫೂಲವತಿಯ ಪಕ್ಕ ಕೂತಳು. ಫೂಲವತಿ ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದಳು, ಅಂಗೈಯಲ್ಲಿ, ದಪ್ಪಗೆ. ರತ್ನಕ್ಕ ತಲೆಕೆಳಗು ಮಾಡಿದ ತಟ್ಟೆಯ ಮೇಲೆ ಬಡಿದಳು, ತೆಳ್ಳಗೆ. ಒಬ್ಬರದನ್ನೊಬ್ಬರು ಮುರಿದು ತಿಂದು ನೋಡಿದರು. ಕಾರ್ಖಾನೆಯಲ್ಲಿ ಬಿಹಾರದ ಹುಡುಗಿಯರ ಜೊತೆ ಕಲಿತ ಹಿಂದಿ ಇಲ್ಲಿ ಕೆಲಸಕ್ಕೆ ಬಂತು.

"ಈ ಗುಡ್ಡಗಳನ್ನ ನನಗೆ ತೋರಿಸಿಕೊಟ್ಟೋನು ನಮ್ಮಪ್ಪ, ದೀದಿ" ಎಂದಳು ಫೂಲವತಿ. "ಅವನ ಜೊತೆ ಆರು ವರ್ಷ ಸುತ್ತಿದೆ, ಆಮೇಲೆ ಒಬ್ಬಳೇ ಹನ್ನೊಂದು ವರ್ಷ. ಇಲ್ಲಿನ ಒಂದೊಂದು ಚಿತ್ರಾನೂ ನನ್ನ ಮಕ್ಕಳ ಮುಖ ಇದ್ದ ಹಾಗೆ. ಕಣ್ಣು ಮುಚ್ಚಿ ಹೇಳ್ತೀನಿ."

ಇದು ಜಂಬವಲ್ಲ ಎಂದು ರತ್ನಕ್ಕನಿಗೆ ಗೊತ್ತಾಯಿತು. ಕಸುಬು ಬಲ್ಲವರ ಮಾತು ಹಾಗೆಯೇ ಇರುತ್ತದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಗುಡ್ಡ ಹತ್ತಿದರು. ಗುಡ್ಡದ ನೆತ್ತಿಯ ಹತ್ತಿರ ದೊಡ್ಡ ಬಂಡೆಯೊಂದು ಮುಂದಕ್ಕೆ ಚಾಚಿ, ಅದರ ಕೆಳಗೆ ಹಜಾರದಂಥ ಜಾಗವಾಗಿತ್ತು. ಮಳೆ ಬಿಸಿಲು ತಾಗದ ಆ ಗೋಡೆಯ ತುಂಬ ಚಿತ್ರಗಳು. ಬಿಳಿ ಬಣ್ಣದಲ್ಲಿ ಕುದುರೆ ಸವಾರರು, ಕೆಂಪಿನಲ್ಲಿ ಕೈ ಕೈ ಹಿಡಿದು ಕುಣಿಯುವವರ ಸಾಲು, ಏಣಿ ಹತ್ತಿ ಜೇನು ಕೀಳುವವನು, ಅವನ ಸುತ್ತ ಚುಕ್ಕಿ ಚುಕ್ಕಿಯಾಗಿ ಹುಳಗಳು. ಎಲ್ಲರೂ ತಲೆಯೆತ್ತಿ ಬಾಯಿ ತೆರೆದು ನಿಂತರು. ವೇಣುಗೋಪಾಲರ ಕ್ಯಾಮೆರಾ ಬಿಡುವಿಲ್ಲದೆ ಕ್ಲಿಕ್ಕಿಸತೊಡಗಿತು.

ರತ್ನಕ್ಕ ಮಾತ್ರ ಏದುಸಿರು ಬಿಡುತ್ತಿದ್ದಳು. ಹತ್ತುವಷ್ಟರಲ್ಲಿ ಸಾಕುಸಾಕಾಗಿತ್ತು.

"ಅಮ್ಮ, ನೀವು ಅಲ್ಲಿ ಬ್ಯಾಗ್ ಹತ್ರ ನೆರಳಲ್ಲಿ ಕೂತ್ಕೊಳ್ಳಿ. ನಾವೆಲ್ಲ ಫೋಟೋ ತೆಗೆದು ಆಮೇಲೆ ನಿಮಗೆ ತೋರಿಸ್ತೀವಿ" ಎಂದರು ವೇಣುಗೋಪಾಲ್.

ಹಜಾರದ ಎಡ ಮೂಲೆಯಲ್ಲಿ ಎಲ್ಲರ ಬ್ಯಾಗುಗಳನ್ನು ಇಟ್ಟಿದ್ದರು. ಅಲ್ಲಿ ಗೋಡೆ ಬರಿದಾಗಿತ್ತು. ಆಕೆ ಕೂತು, ನೀರು ಕುಡಿದು, ಉಸಿರು ಹದಕ್ಕೆ ಬರಲಿ ಎಂದು ಎದುರಿನ ಗೋಡೆಯನ್ನು ನೋಡುತ್ತ ಇದ್ದಳು. ಮಾರು ದೂರದ ಗೋಡೆ, ಕೂತವರ ಕಣ್ಣಿನ ಮಟ್ಟ. ಕಲ್ಲಿನ ಮೇಲೆ ನೀರು ಇಳಿದ ಕಂದು ಕಲೆಗಳು, ಹಳೆಯ ಗೋಡೆಯಲ್ಲಿ ಇರುವಂಥವೇ. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು.

ಒಂದು ಕಲೆ ಮಾತ್ರ ಸರಿಯಿಲ್ಲ ಅನ್ನಿಸಿತು.

ಏನು ಸರಿಯಿಲ್ಲ ಎಂದು ತಕ್ಷಣ ಹೊಳೆಯಲಿಲ್ಲ. ಕಾರ್ಖಾನೆಯಲ್ಲೂ ಹಾಗೆಯೇ ಆಗುತ್ತಿತ್ತು. ಕೈ ಮೊದಲು ನಿಲ್ಲುತ್ತಿತ್ತು, ಕಾರಣ ಆಮೇಲೆ ಕಾಣುತ್ತಿತ್ತು. ಆಕೆ ಎದ್ದು ಹತ್ತಿರ ಹೋಗಿ, ಗೋಡೆ ಮುಟ್ಟದೆ, ಮಂಡಿಯೂರಿ ಕೂತಳು. ಉಳಿದ ಕಲೆಗಳೆಲ್ಲ ಮೇಲಿನಿಂದ ಕೆಳಗೆ ಇಳಿದಿವೆ. ಇದು ಅಡ್ಡಕ್ಕೆ ಹೋಗಿ, ಮೇಲಕ್ಕೆ ಬಾಗಿ, ಮತ್ತೆ ಕೆಳಗೆ ಬಂದಿದೆ. ನೀರು ಮೇಲಕ್ಕೆ ಹತ್ತುವುದುಂಟೆ? ಕಲೆಯಾದರೆ ಹರಡುತ್ತ ಹೋಗಬೇಕು, ಇದು ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪ.

"ಫೂಲವತಿ, ಇಲ್ಲಿ ಸ್ವಲ್ಪ ಬಾ" ಎಂದು ಕರೆದಳು.

ಫೂಲವತಿ ಬಂದು ಬಗ್ಗಿ ನೋಡಿದಳು. "ಅದು ನೀರಿನ ಕಲೆ ದೀದಿ. ಈ ಮೂಲೇಲಿ ಏನೂ ಇಲ್ಲ. ನಮ್ಮಪ್ಪನೂ ಏನೂ ಇಲ್ಲ ಅಂದಿದ್ದ."

ವೇಣುಗೋಪಾಲರೂ ಬಂದರು. ನೋಟ್‌ಬುಕ್ಕು ತಿರುಗಿಸಿದರು. "ಇಲ್ಲಮ್ಮ. ಈ ಸೈಡ್ ಗೋಡೇಲಿ ಚಿತ್ರ ಇದೆ ಅಂತ ಎಲ್ಲೂ ಬರ್ದಿಲ್ಲ. ತುಂಬ ಹೊತ್ತು ಕಲ್ಲು ನೋಡ್ತಾ ಇದ್ರೆ ಹಂಗೇ ಆಗುತ್ತೆ, ಏನೇನೋ ಕಂಡಂಗಾಗುತ್ತೆ."

"ಅವ್ವಾ, ಬಿಸಿಲಿಗೆ ಹಂಗ ಅನಸ್ತೈತಿ. ನೀರು ಕುಡಿ" ಎಂದಳು ಸ್ಮಿತಾ ಮೆಲ್ಲಗೆ. ಅವಳಿಗೆ ಸ್ವಲ್ಪ ಮುಜುಗರವಾದದ್ದು ರತ್ನಕ್ಕನಿಗೆ ತಿಳಿಯಿತು.

ಬೇರೆ ವಿಷಯದಲ್ಲಾಗಿದ್ದರೆ ಆಕೆ ಸುಮ್ಮನಾಗುತ್ತಿದ್ದಳೋ ಏನೋ. ಟೆಂಟು, ಇತಿಹಾಸ, ಕಾಡು ಇವೆಲ್ಲ ತನಗೆ ಗೊತ್ತಿಲ್ಲದ ಸಂಗತಿಗಳು ಎಂದು ಆಕೆ ಒಪ್ಪುತ್ತಿದ್ದಳು. ಆದರೆ ನೋಡುವುದು ಆಕೆಯ ಕೆಲಸ. ಅದರಲ್ಲಿ ಆಕೆಗೆ ಯಾರೂ ಮೇಲಿನವರಿರಲಿಲ್ಲ.

"ಸರ್, ನನಗ ಇತಿಹಾಸ ಗೊತ್ತಿಲ್ರಿ" ಎಂದಳು. "ಮೂವತ್ತೊಂದು ವರ್ಷ ಉಕ್ಕಿನ ಮ್ಯಾಲೆ ಬಿರುಕು ನೋಡೀನಿ. ತಾನಾಗೇ ಆದ ಗುರುತು ಯಾವುದು, ಕೈ ಮಾಡಿದ ಗುರುತು ಯಾವುದು, ಅದು ನನಗ ಗೊತ್ತಾಗ್ತೈತಿ. ಇದು ಕೈ ಮಾಡಿದ್ದು. ಹೊರಗಿನ ಬಿಸಿಲಿನ ಬೆಳಕು ಕಲ್ಲಿಗೆ ಹೊಡದು ಕಣ್ಣಿಗೆ ಅಡ್ಡ ಬರಾಕತ್ತೈತಿ. ನಿಮ್ಮ ಚೀಲದಾಗಿನ ಕರಿ ಛತ್ರಿ ಕೊಡ್ರಿ ಇಲ್ಲಿ."

ವೇಣುಗೋಪಾಲ್ ತಡವರಿಸಿ ಛತ್ರಿ ಕೊಟ್ಟರು. ಅದನ್ನು ಬಿಚ್ಚಿ ಸ್ಮಿತಾಳ ಕೈಗೆ ಕೊಟ್ಟು, ಎಲ್ಲಿ ಹಿಡಿಯಬೇಕು, ಎಷ್ಟು ವಾಲಿಸಬೇಕು ಎಂದು ರತ್ನಕ್ಕ ಹೇಳಿದಳು. ಇನ್ನೊಂದು ಕಡೆಯಿಂದ ಬರುವ ಬೆಳಕಿಗೆ ತನ್ನ ಶಾಲನ್ನೇ ಫೂಲವತಿಯ ಕೈಲಿ ಅಡ್ಡ ಹಿಡಿಸಿದಳು. "ಈಗ ಯಾರೂ ಲಗೂನ ನೋಡಬ್ಯಾಡ್ರಿ. ಕಣ್ಣು ಮುಚ್ಚಿ, ಇಪ್ಪತ್ತು ಎಣಿಸಿ, ಆಮ್ಯಾಲೆ ತಗೀರಿ."

ದೊಡ್ಡ ದೊಡ್ಡ ಓದು ಓದಿದ ಏಳು ಜನ ಕಣ್ಣು ಮುಚ್ಚಿ ಇಪ್ಪತ್ತು ಎಣಿಸಿದರು.

ಮೊದಲು ಕಂಡದ್ದು ಫೂಲವತಿಗೆ. ಶಾಲು ಹಿಡಿದೇ ಮುಂದಕ್ಕೆ ಬಗ್ಗಿದಳು. "ಬೆನ್ನು" ಎಂದಳು. "ದೀದಿ, ಅದು ಪ್ರಾಣಿಯ ಬೆನ್ನು."

ವೇಣುಗೋಪಾಲ್ ನೋಟ್‌ಬುಕ್ಕು ಬದಿಗಿಟ್ಟರು. ಫೋನು ತೆಗೆದು ಗೋಡೆಯ ಚಿತ್ರ ಹಿಡಿದರು. ಮಾಸಿದ ಬಣ್ಣವನ್ನು ಎತ್ತಿ ತೋರಿಸುವ ಆ್ಯಪ್ ಒಂದು ಅವರ ಫೋನಿನಲ್ಲಿತ್ತು. ಅದರೊಳಗೆ ಚಿತ್ರವನ್ನು ಹಾಕಿ, ಬಣ್ಣ ಹಿಂದೆ ಮುಂದೆ ಮಾಡಿದರು. ಕಲ್ಲು ಹಳದಿಯಾಯಿತು, ಹಳದಿಯ ಮೇಲೆ ಕಡುಗೆಂಪಿನಲ್ಲಿ ಒಂದು ಜಿಂಕೆ ಎದ್ದು ಬಂತು. ಕತ್ತು ಹಿಂದಕ್ಕೆ ತಿರುಗಿಸಿದ ತಾಯಿ ಜಿಂಕೆ. ಅದರ ಹಿಂದೆ ಒಂದು, ಎರಡು, ಮೂರು ಸಣ್ಣ ಮರಿಗಳು.

ಯಾರೋ ಜೋರಾಗಿ ಕೂಗಿದರು. ಸ್ಮಿತಾ ಛತ್ರಿ ಬಿಟ್ಟು ಅವ್ವನನ್ನು ಅಪ್ಪಿಕೊಂಡಳು.

"ಛತ್ರಿ ಹಿಡಿ ಮೊದ್ಲು" ಎಂದಳು ರತ್ನಕ್ಕ. "ಸರ್, ಮೂರಲ್ರಿ. ನಾಕು ಮರಿ ಅದಾವ."

ವೇಣುಗೋಪಾಲ್ ಫೋನು ನೋಡಿದರು. "ಇಲ್ಲಿ ಮೂರೇ ತೋರಿಸ್ತಿದೆ ಅಮ್ಮ."

"ಫೋನು ಮೂರು ತೋರಸಲಿ. ಕಡೇದ್ದರ ಹಿಂದ ಒಂದು ಗೇಣು ಬಿಟ್ಟು, ಕೆಳಗ. ಕಾಲು ಎರಡು ಅಳಿಸ್ಯಾವ, ತಲಿ ಐತಿ, ಕಿವಿ ಐತಿ."

ಫೋನಿನಲ್ಲಿ ಆ ಜಾಗ ಬರೀ ಮಬ್ಬು. ಅವರು ಹತ್ತಿರದಿಂದ ಇನ್ನೊಂದು ಚಿತ್ರ ತೆಗೆದರು, ಮತ್ತೊಂದು ತೆಗೆದರು, ಬಣ್ಣ ಬದಲಿಸಿದರು. ಐದನೆಯ ಸಲಕ್ಕೆ, ಎಲ್ಲರೂ ತಲೆಗೆ ತಲೆ ತಾಗಿಸಿ ನೋಡುತ್ತಿರುವಾಗ, ಮಬ್ಬಿನೊಳಗಿಂದ ಎರಡು ಪುಟ್ಟ ಕಿವಿಗಳು ಮೂಡಿದವು. ಆಮೇಲೆ ತಲೆ, ಆಮೇಲೆ ಮುಂಗಾಲು. ಗುಂಪಿನಿಂದ ಹಿಂದೆ ಬಿದ್ದ ಮರಿ. ತಾಯಿ ಕತ್ತು ತಿರುಗಿಸಿ ನೋಡುತ್ತಿದ್ದುದು ಅದನ್ನೇ.

ವೇಣುಗೋಪಾಲ್ ಫೋನು ಕೆಳಗಿಟ್ಟು ರತ್ನಕ್ಕನಿಗೆ ಕೈ ಮುಗಿದರು. "ತಪ್ಪಾಯ್ತು ಅಮ್ಮ. ಕಣ್ಣು ಅಂದ್ರೆ ನಿಮ್ದು."

ರತ್ನಕ್ಕ ತಿರುಗಿ ಗೋಡೆಯ ಕಡೆ ನೋಡಿದಳು. ಮೂವತ್ತೊಂದು ವರ್ಷ ಆಕೆ ಕಂಡದ್ದನ್ನೆಲ್ಲ ಕೆಂಪು ಡಬ್ಬಿಗೆ ಹಾಕಿದ್ದಳು. ಕಂಡದ್ದನ್ನು ಉಳಿಸಿಕೊಳ್ಳಲು ಜನ ಓಡಾಡಿದ್ದು ಇದೇ ಮೊದಲು.

ಫೂಲವತಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಹದಿನೇಳು ವರ್ಷ ಇದೇ ಮೂಲೆಯಲ್ಲಿ ಬ್ಯಾಗು ಇಡಿಸಿದವಳು. ಅವಳ ಮುಖ ನೋಡಿದ ರತ್ನಕ್ಕ ಪಕ್ಕದಲ್ಲಿ ಹೋಗಿ ಕೂತಳು.

"ನೀನು ನಿಂತು ನೋಡೋಳು. ನಾನು ಸುಸ್ತಾಗಿ ಕೂತೆ, ಅದಕ್ಕೇ ಕಂಡಿತು" ಎಂದಳು ತನ್ನ ಪೀಣ್ಯದ ಹಿಂದಿಯಲ್ಲಿ. "ಮುಟ್ಟಬೇಡಿ, ನೀರು ಹಾಕಬೇಡಿ ಅಂತ ನೀನೂ ನಿಮ್ಮಪ್ಪನೂ ಕಾದಿದ್ದಕ್ಕೇ ಇದು ಉಳಿದಿದೆ. ಇಲ್ಲದಿದ್ದರೆ ನನಗೇನು ಕಾಣುತ್ತಿತ್ತು?"

ಫೂಲವತಿ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. ಆಮೇಲೆ ಎದ್ದು, ಎಲ್ಲರ ಬ್ಯಾಗುಗಳನ್ನು ತಾನೇ ಎತ್ತಿ ಹೊರಗೆ ಸಾಗಿಸಿದಳು.

ಗುಡ್ಡ ಇಳಿದು ಫೋನಿಗೆ ಸಿಗ್ನಲ್ ಸಿಕ್ಕಿದ ಕೂಡಲೇ ಅವಳು ಅರಣ್ಯ ಇಲಾಖೆಯ ಕಚೇರಿಗೆ ಸುದ್ದಿ ಮುಟ್ಟಿಸಿದಳು. ಮರುದಿನ ಬೆಳಿಗ್ಗೆ ಒಬ್ಬ ಅಧಿಕಾರಿ, ಜೊತೆಗೆ ಶಿಲಾಚಿತ್ರಗಳ ದಾಖಲೆ ಮಾಡುವ ತಜ್ಞೆಯೊಬ್ಬರು ಜೀಪಿನಲ್ಲಿ ಬಂದರು. ಎಲ್ಲರೂ ಮತ್ತೆ ಗುಡ್ಡ ಹತ್ತಿದರು. ಈ ಸಲ ರತ್ನಕ್ಕನಿಗೆ ಏದುಸಿರು ಬಂದದ್ದೂ ಗೊತ್ತಾಗಲಿಲ್ಲ. ತಜ್ಞೆ ಅರ್ಧ ತಾಸು ಗೋಡೆಯ ಮುಂದೆ ಮಂಡಿಯೂರಿ ಕೂತು, ಅಳತೆ ತೆಗೆದು, ತಮ್ಮ ಪಟ್ಟಿ ನೋಡಿ ಹೇಳಿದರು, "ಇದು ನಮ್ಮ ಪಟ್ಟಿಯಲ್ಲಿ ಇಲ್ಲ. ಎಷ್ಟು ಹಳೆಯದು ಅಂತ ಈಗಲೇ ಹೇಳಲಾರೆ, ನೋಡಬೇಕು. ಮೊದಲು ಕಂಡವರು ಯಾರು?"

ಫೂಲವತಿ ರತ್ನಕ್ಕನ ಭುಜ ಹಿಡಿದು ಮುಂದೆ ನಿಲ್ಲಿಸಿದಳು.

ತಜ್ಞೆ ದಾಖಲೆಯ ನಮೂನೆ ಹಾಳೆ ತೆಗೆದು ಹೆಸರು, ಊರು ಬರೆದುಕೊಂಡರು. "ಉದ್ಯೋಗ?"

ರತ್ನಕ್ಕ ಬಾಯಿ ತೆರೆಯುವ ಮೊದಲೇ ಸ್ಮಿತಾ ಹೇಳಿದಳು, "ಬೇರಿಂಗ್ ಇನ್‌ಸ್ಪೆಕ್ಟರ್. ಮೂವತ್ತೊಂದು ವರ್ಷದ ಅನುಭವ."

"ನಿವೃತ್ತ ಅಂತ ಬರೆಯಲಾ?"

"ಬೇಡ" ಎಂದಳು ಸ್ಮಿತಾ. "ಅವರ ಕೆಲಸ ಈಗಷ್ಟೇ ನೋಡಿದ್ರಲ್ಲ ಮೇಡಂ."

ನಮೂನೆಯ ಕೆಳಗೆ ಸಹಿ ಹಾಕುವಾಗ ರತ್ನಕ್ಕನ ಕೈ ಎಷ್ಟು ನಿಧಾನವಾಗಿತ್ತೆಂದರೆ, ಒಂದೊಂದು ಅಕ್ಷರವೂ ಅಚ್ಚು ಹಾಕಿದ ಹಾಗೆ ಕೂತಿತು. ತನ್ನ ಪಕ್ಕದ ಗೆರೆಯಲ್ಲಿ ಫೂಲವತಿಯ ಸಹಿಯೂ ಬೀಳಬೇಕು ಎಂದು ಹಟ ಹಿಡಿದು ಹಾಕಿಸಿದಳು.

ಇಳಿಯುವಾಗ ಸ್ಮಿತಾ ಅವ್ವನ ಕೈ ಹಿಡಿದುಕೊಂಡಿದ್ದಳು. ಸ್ವಲ್ಪ ದೂರ ಬಂದ ಮೇಲೆ ಕೇಳಿದಳು, "ಅವ್ವಾ, ದಿನಕ್ಕ ಎಷ್ಟು ರಿಂಗ್ ನೋಡ್ತಿದ್ದಿ?"

ಇಪ್ಪತ್ತೊಂಬತ್ತು ವರ್ಷದ ಮಗಳು ಈ ಪ್ರಶ್ನೆಯನ್ನು ಕೇಳಿದ್ದು ಅದೇ ಮೊದಲು. ತಾನೂ ಎಂದೂ ಕೂರಿಸಿಕೊಂಡು ಹೇಳಿರಲಿಲ್ಲ ಎಂಬುದು ರತ್ನಕ್ಕನಿಗೆ ಆಗ ಹೊಳೆಯಿತು. ಹೇಳತೊಡಗಿದಳು. ದಿನಕ್ಕೆ ಎಷ್ಟು ಟ್ರೇ, ಯಾವ ಬಿರುಕು ಶಾಖದಿಂದ ಆದದ್ದು, ಯಾವುದು ಕಚ್ಚಾ ಉಕ್ಕಿನಲ್ಲೇ ಇದ್ದದ್ದು, ಹೊಸದಾಗಿ ಬಂದ ಮ್ಯಾನೇಜರು ಒಂದು ಲಾಟು ಮಾಲು ಪಾಸು ಮಾಡು ಎಂದು ಗದರಿದಾಗ ತಾನು ಪೆನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತದ್ದು. ಆ ದಿನವೇ ವಾಪಸ್ ಹೊರಟಾಗ ಜೀಪಿನಲ್ಲಿ ವೇಣುಗೋಪಾಲರೂ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿಕೊಂಡರು. "ಆಮೇಲೆ ಆ ಲಾಟ್ ಏನಾಯ್ತು ಅಮ್ಮ?" ಎಂದು ಕೇಳಿದರು. ಇಟಾರ್ಸಿ ಬರುವವರೆಗೂ ಆಕೆಯ ಮಾತು ನಿಲ್ಲಲಿಲ್ಲ.

ರೈಲು ಹತ್ತಿದ ಮರುದಿನ ಯಶವಂತಪುರದಲ್ಲಿ ಇಳಿದು, ಆಟೊ ಹಿಡಿದು ಬಾಗಲಗುಂಟೆಗೆ ಬಂದರೆ ಮನೆಯ ಮುಂದೆ ಏಳೆಂಟು ಜನ ನಿಂತಿದ್ದರು. ಸ್ಮಿತಾ ಫೋನಿನಲ್ಲಿ ಹೇಳಿದ್ದನ್ನು ನಾಗಲಿಂಗಪ್ಪ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಹಂಚಿ ಮುಗಿಸಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗೇಟು ಹಿಡಿದು, ಮದುವೆ ಮನೆಯ ಯಜಮಾನನ ಹಾಗೆ ನಿಂತಿದ್ದ. ಅವನ ಪಕ್ಕದಲ್ಲಿ ಎದುರುಮನೆಯ ಮುನಿಕೆಂಪಮ್ಮ. ಬಾಗಲಗುಂಟೆ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲೇ ಇರುವ ಮುದುಕಿ.

"ಬಾರಮ್ಮ ರತ್ನಕ್ಕ" ಎಂದಳು ಮುನಿಕೆಂಪಮ್ಮ ಸೊಂಟದ ಮೇಲೆ ಕೈಯಿಟ್ಟು. "ಇಂಗಾ ಮಾಡೋದು? ಕಾಡಿಗೋಗಿ ಜಿಂಕೆ ಇಡ್ಕೊಂಡ್ರಂತೆ! ಪೊಲೀಸ್ನೋರು ಬಂದು ಸೈನು ಆಕುಸ್ಕೊಂಡ್ರಂತೆ! ಎಲ್ಲವ್ವಾ ಜಿಂಕೆ?"

ಸ್ಮಿತಾ ನಗು ತಡೆಯಲಾರದೆ ಆಟೊಗೆ ಒರಗಿದಳು. ರತ್ನಕ್ಕ ನಗಲಿಲ್ಲ. ಚೀಲವನ್ನು ಜಗುಲಿಯ ಮೇಲಿಟ್ಟು, ಶೂ ಕಳಚಿ, ಕಾಲು ಚಾಚಿ ಕೂತಳು.

"ಹಿಡೀಲಿಲ್ರಿ ಮುನಿಕೆಂಪಮ್ಮಾರ, ನೋಡಿದೆ. ಬರ್ರಿ, ಕುಂದರ್ರಿ ಇಲ್ಲಿ. ಎಲ್ಲಾರೂ ಬರ್ರಿ" ಎಂದಳು. "ಮೊದ್ಲಿಂದ ಹೇಳ್ತೀನಿ."